ಪಾಕ ಹಚ್ಚಿದ ರಬ್ಬರ್ ಬಟ್ಟಲು

ಮಹಾಲಿಂಗಪುರದ ಬಸ್ ನಿಲ್ದಾಣದ ಪಕ್ಕ, ಬಾಡಿಗೆ ಕಾರುಗಳು ನಿಲ್ಲುವಲ್ಲಿ, ಸೋಮಲಿಂಗ ಒಂದು ಸ್ಟೂಲು, ಒಂದು ಸ್ಟೋವು ಇಟ್ಟುಕೊಂಡು ಕೂತಿರುತ್ತಾನೆ. ಮೂವತ್ತು ವರ್ಷ ಕಾರು ಓಡಿಸಿದ ಮನುಷ್ಯ. ಮೂರು ವರ್ಷದಿಂದ ಸ್ಟೇರಿಂಗ್ ಮುಟ್ಟಿಲ್ಲ. ಮೊಬೈಲ್ ಸ್ಟ್ಯಾಂಡನ್ನು ಕಾರಿನ ಮುಂದಿನ ಗಾಜಿಗೆ ಕಚ್ಚಿಸುವ ರಬ್ಬರ್ ಬಟ್ಟಲು ಇರುತ್ತದಲ್ಲ, ಅದರ ಹಿಡಿತ ಸತ್ತರೆ ಮತ್ತೆ ಜೀವ ಕೊಡುವುದೇ ಈಗ ಅವನ ಕೆಲಸ. ದುಡ್ಡು ಮುಟ್ಟುವುದಿಲ್ಲ; ಯಾರಾದರೂ ಚಹಾ ಕುಡಿಸಿದರೆ ಕುಡಿಯುತ್ತಾನೆ, ಅಷ್ಟೇ.

ಅಂಗಡಿಯಲ್ಲಿ ಹೊಸದೇ ಸಿಗುವಾಗ ಇದೆಂಥ ಕಸುಬು ಎಂದು ನಗುವವರಿದ್ದಾರೆ. ನಗಲಿ. ಅವನು ಕೆಲಸ ಮಾಡುವುದನ್ನು ಕಂಡವರು ನಗುವುದಿಲ್ಲ. ಬಟ್ಟಲನ್ನು ಸೋಪು ಹಚ್ಚಿ ತೊಳೆದು, ಕುದಿ ಇಳಿದ ಬಿಸಿನೀರಿನಲ್ಲಿ ಮುಳುಗಿಸುತ್ತಾನೆ. ಸೊಟ್ಟಗಾದ ಅಂಚು ಮೆತ್ತಗಾಗಿ ತನ್ನ ಆಕಾರಕ್ಕೆ ಬರುತ್ತದೆ. ಅದನ್ನು ಒಣಗಿಸಿ, ಗಾಜಿನ ಧೂಳು ಒರೆಸಿ, ಹೆಬ್ಬೆರಳಿನಿಂದ ಒತ್ತಿ ಒಳಗಿನ ಗಾಳಿ ಹೊರಹಾಕಿ ಕಚ್ಚಿಸುತ್ತಾನೆ. ಆಮೇಲೆ ಪರೀಕ್ಷೆ. ಒಂದು ಕಿಲೋ ಬೆಲ್ಲದ ಪೆಂಟೆಯನ್ನು ಬಟ್ಟೆಯಲ್ಲಿ ಕಟ್ಟಿ ಸ್ಟ್ಯಾಂಡಿಗೆ ತೂಗುಹಾಕುತ್ತಾನೆ. ಚಾಲಕ ಚಹಾ ಕುಡಿದು ಬರುವಷ್ಟರಲ್ಲಿ ಪೆಂಟೆ ಬಿದ್ದಿತೋ, ಸ್ಟ್ಯಾಂಡು ಕಸದ ಡಬ್ಬಿಗೆ. ಎಷ್ಟು ಗೋಗರೆದರೂ ಹಿಂದಕ್ಕೆ ಕೊಡುವುದಿಲ್ಲ, ಅಂಥ ಹಟಮಾರಿ.

ಆ ಸೋಮವಾರ ಬೆಳಿಗ್ಗೆ ಅಕ್ಕನ ಮಗಳು ವೈಶಾಲಿ ತನ್ನ ಕಾರು ತಂದು ನಿಲ್ಲಿಸಿದಳು. ಅವಳ ತಾಯಿ ಅನ್ನವ್ವ ಮೂರು ವರ್ಷದ ಹಿಂದೆ ಸೋಮಲಿಂಗನ ಕಾರಿನಲ್ಲೇ, ಮುಧೋಳದ ದಾರಿಯಲ್ಲಿ ಸತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರೊಂದು ಪಂಕ್ಚರಾಗಿ ನಡುಮಧ್ಯಾಹ್ನ ರಸ್ತೆಯಲ್ಲಿ ನಿಂತಿತ್ತು; ಕಾರು ಹೋಗಿ ಅದರ ಹಿಂಬದಿಗೆ ಬಡಿದಿತ್ತು. ಹಿಂದೆ ಬರುವವರ ಎಚ್ಚರಿಕೆಗೆ ಕಲ್ಲು ಇಟ್ಟಿರಲಿಲ್ಲ ಎಂದು ಸೋಮಲಿಂಗ ಪೊಲೀಸರಿಗೆ ಹೇಳಿದ್ದ. ಟ್ರ್ಯಾಕ್ಟರ್ ಚಾಲಕ, ಗಲಗಲಿಯ ಮಾಂತೇಶನ ಮೇಲೆ ಕೇಸಾಯಿತು. ಇಂದು ಜಮಖಂಡಿ ಕೋರ್ಟಿನಲ್ಲಿ ಸೋಮಲಿಂಗನ ಸಾಕ್ಷಿ. ಅವನನ್ನು ಕರೆದೊಯ್ಯಲು ವೈಶಾಲಿ ಬಂದಿದ್ದಳು.

“ಹೊರಡೂಣು ಮಾಮಾ. ಮೊದಲ ಈ ಸ್ಟ್ಯಾಂಡ್ ಒಂಚೂರು ನೋಡ್ರಿ, ನಿಲ್ಲವಲ್ದು.”

ಸೋಮಲಿಂಗ ರಬ್ಬರನ್ನು ತಿರುಗಿಸಿದ. ಅಂಚಿನ ಸುತ್ತ ಕಂದು ಅಂಟು, ಅದರಲ್ಲಿ ಎರಡು ಇರುವೆ.

“ಬೆಲ್ಲದ ಪಾಕ ಹಚ್ಚೀಯೇನವಾ?”

“ಹೂಂ ರಿ. ಎಲ್ಲಾರೂ ಹಚ್ತಾರಲ್ರಿ. ಮುಂಜಾನಿ ಛಲೋ ಹಿಡಿತೈತಿ.”

ಬೆಲ್ಲದ ಪೇಟೆಯ ಊರಿದು. ಏನನ್ನು ಅಂಟಿಸಬೇಕೆಂದರೂ ಕೈ ಪಾಕಕ್ಕೇ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ಗಟ್ಟಿ ಹಿಡಿದದ್ದು ಮಧ್ಯಾಹ್ನದ ಬಿಸಿಲಿಗೆ ಕರಗಿ ಜಾರುತ್ತದೆ. ಇದು ಸೋಮಲಿಂಗನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ರಬ್ಬರನ್ನು ತೊಳೆದು ಬಿಸಿನೀರಿಗೆ ಹಾಕಿದ.

“ಕೋರ್ಟಿನ್ಯಾಗ ಗಟ್ಟಿಯಾಗಿ ಹೇಳ್ರಿ ಮಾಮಾ, ಕಲ್ಲ ಇಟ್ಟಿರಲಿಲ್ಲಂತ. ನಮ್ಮವ್ವನ್ನ ಕೊಂದಾಂವ ಸುಮ್ನ ಪಾರಾಗಬಾರದು.”

“ವೈಶಾಲಿ, ನಾ ಕಲ್ಲ ನೋಡಿಲ್ಲ.”

“ಇದ್ರ ತಾನ ನೋಡೂದು.”

“ಇದ್ವೋ ಇಲ್ಲೋ ನನಗ ಗೊತ್ತಿಲ್ಲ. ನಾ ರಸ್ತಾನ ನೋಡ್ತಿರಲಿಲ್ಲ. ನಾನೂ ಹಿಂಗ ಪಾಕ ಹಚ್ಚಿದ್ದೆ. ಬಿಸಲಿಗೆ ಸ್ಟ್ಯಾಂಡ್ ಕಿತ್ತು ಮೊಬೈಲ್ ಕಾಲಾಗ ಬಿತ್ತು. ಬಗ್ಗಿ ಹುಡುಕಾಕತ್ತಿದ್ದೆ. ‘ತಮ್ಮಾ, ಮುಂದ ನೋಡು’ ಅಂದ್ಲು ನಿಮ್ಮವ್ವ. ತಲಿ ಎತ್ತೂದ್ರಾಗ ಆಗಿಹೋಗಿತ್ತು.”

ತಪ್ಪು ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹಗುರವೇನೂ ಆಗಲಿಲ್ಲ. ಅಕ್ಕನನ್ನು ಎರಡನೇ ಸಲ ಕೊಂದಂತಾಯಿತು ಅವನಿಗೆ. ವೈಶಾಲಿಯ ಮುಖ ನೋಡಲಾಗದೆ ರಬ್ಬರನ್ನು ನೀರಿನಿಂದ ತೆಗೆದು ಒರೆಸಿದ, ಗಾಜನ್ನು ಎರಡೆರಡು ಸಲ ಒರೆಸಿದ, ಒತ್ತಿ ಕಚ್ಚಿಸಿ ಪೆಂಟೆ ಕಟ್ಟಿದ. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಬೀಳಲಿಲ್ಲ.

ವೈಶಾಲಿ ಪೆಂಟೆ ಬಿಚ್ಚಿ ಸ್ಟೂಲಿನ ಮೇಲಿಟ್ಟಳು.

“ಆ ಮಾಂತೇಶ ಈಗ ಏನ ಮಾಡ್ತಾನ?”

“ಕೂಲಿಗೆ ಹೊಕ್ಕಾನಂತ. ಊರಾಗ ಯಾರೂ ಅವನ ಕೈಯಾಗ ಗಾಡಿ ಕೊಡೂದಿಲ್ಲಂತ.”

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಾರಿನ ಬಾಗಿಲು ತೆಗೆದು ನಿಂತಳು.

“ಹತ್ರಿ. ಜಮಖಂಡಿ ಮುಟ್ಟೂತನಕ ನನ್ನ ಕೂಡ ಮಾತಾಡಬ್ಯಾಡ್ರಿ. ನನ್ನ ಮುಂದ ಹೇಳಿದ್ದನ್ನ ಅಲ್ಲಿ ಹೇಳ್ರಿ.”