ಕೊನೆಯ ನಾಲ್ಕು ನಿಮಿಷ ಮತ್ತು ಬೆಳ್ಳಿಯ ಕೋಟು

‘ಬೆಳ್ಳಿ ಸತ್ತ’ ಎಂದು ನಾನು ಗ್ರೂಪಿನಲ್ಲಿ ಬರೆದಾಗ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ನಸ್ರೀನ್ ಇನ್ನೂ ಎಪಿಸೋಡ್ ನೋಡಿರಲಿಲ್ಲ. ಅದು ನನಗೆ ಗೊತ್ತಿತ್ತು.

ನಾವು ಹನ್ನೊಂದು ಜನ ಒಂದು ಜಪಾನೀ ಸೂಪರ್ ಹೀರೋ ಧಾರಾವಾಹಿಯನ್ನು ವಾರವಾರವೂ ತಪ್ಪದೆ ನೋಡುತ್ತೇವೆ. ಮುಖವಾಡ ತೊಟ್ಟ ಐದು ಬಣ್ಣದ ವೀರರು, ನಡುವೆ ಬಂದು ಸೇರಿಕೊಂಡ ಆರನೆಯವನು ಬೆಳ್ಳಿ. ಅವನು ಬದುಕುತ್ತಾನೋ ಸಾಯುತ್ತಾನೋ ಎಂಬುದೇ ನಾಲ್ಕು ತಿಂಗಳಿಂದ ನಮ್ಮ ಚರ್ಚೆಯಾಗಿತ್ತು.

ಗ್ರೂಪಿಗೆ ಒಂದೇ ನಿಯಮ. ಸಂಜೆ ಸಬ್‌ಟೈಟಲ್ ಬರುವವರೆಗೆ ಯಾರೂ ಬಾಯಿ ಬಿಡಬಾರದು.

ಆ ನಿಯಮ ಬರೆದವಳು ನಾನೇ. ಇಂದಿರಾನಗರದ ಜಪಾನೀ ಭಾಷಾ ತರಗತಿಯಲ್ಲಿ ಮೊದಲ ಸ್ಥಾನ ನನ್ನದು. ನಮ್ಮಲ್ಲಿ ಸಬ್‌ಟೈಟಲ್ ಇಲ್ಲದೆ ನೋಡಬಲ್ಲವಳು ನಾನೊಬ್ಬಳೇ.

ನಸ್ರೀನ್‌ಗೆ ಜಪಾನೀ ಬರುವುದಿಲ್ಲ. ಶಿವಾಜಿನಗರದಲ್ಲಿ ಅವಳ ಅಪ್ಪನ ಟೈಲರ್ ಅಂಗಡಿಯಿದೆ. ನಾನು ಸಂಭಾಷಣೆಯಲ್ಲಿ ಕಥೆ ಹುಡುಕುತ್ತಿದ್ದರೆ ಅವಳು ಹೊಲಿಗೆಯಲ್ಲಿ ಹುಡುಕುತ್ತಿದ್ದಳು.

ಅದಕ್ಕೂ ಎರಡು ವಾರ ಹಿಂದಿನ ಎಪಿಸೋಡಿನಲ್ಲಿ, ಒಂದು ದೃಶ್ಯದ ಹಿನ್ನೆಲೆಯಲ್ಲಿ, ಹೊಸ ಬೆಳ್ಳಿ ಕೋಟೊಂದು ಗೋಡೆಗೆ ನೇತುಬಿದ್ದಿತ್ತು. ಅದನ್ನು ಗಮನಿಸಿದ್ದು ಅವಳೊಬ್ಬಳೇ.

“ಭುಜ ನೋಡೇ, ಎರಡು ಬೆರಳು ಚಿಕ್ಕದು. ಇದು ಅವನ ಅಳತೆ ಅಲ್ಲ. ಅವನು ಹೋದ್ರೂ ಬೆಳ್ಳಿ ಮುಗಿಯಲ್ಲ, ಬರೆದಿಟ್ಕೋ.”

ನಾನು ಹದಿನಾಲ್ಕು ಪ್ಯಾರಾಗಳ ಉತ್ತರ ಬರೆದೆ. ಅವನ ಪ್ರತಿ ಮಾತಿನಲ್ಲೂ ವಿದಾಯವಿದೆ, ಅವನೊಂದಿಗೆ ಬೆಳ್ಳಿಯೂ ಮುಗಿಯುತ್ತದೆ ಎಂದು ಸಾಧಿಸಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಕಥೆಯನ್ನು ಟೈಲರ್ ಅಂಗಡಿಯಲ್ಲಿ ಬರೆಯುವುದಿಲ್ಲ.’

ಅವಳು ನಗುವ ಇಮೋಜಿ ಹಾಕಿದಳು. ಒಂದೇ ಒಂದು. ಸಾಮಾನ್ಯವಾಗಿ ಐದಾರು ಹಾಕುವವಳು...

ಆ ಭಾನುವಾರ ಬೆಳ್ಳಿ ನಿಜಕ್ಕೂ ಸತ್ತ. ಅವನ ಮುಖವಾಡ ನೆಲಕ್ಕೆ ಬಿದ್ದ ಕ್ಷಣವೇ ನಾನು ವಿಡಿಯೋ ನಿಲ್ಲಿಸಿದೆ. ಸ್ಕ್ರೀನ್‌ಶಾಟ್ ತೆಗೆದು ‘ಬೆಳ್ಳಿ ಸತ್ತ’ ಎಂದು ಹಾಕಿದೆ. ಅದರ ಕೆಳಗೆ ‘ಭುಜ ಅಳೆದವರು ಈಗ ಕಣ್ಣೀರನ್ನೂ ಅಳೆದುಕೊಳ್ಳಲಿ’ ಎಂದು ಬರೆದು ಕಳಿಸಿದೆ.

ಸಂಜೆಯವರೆಗೆ ಕಾಯಬಹುದಿತ್ತು. ಗೆದ್ದವಳಿಗೆ ಹತ್ತು ಗಂಟೆ ಕಾಯುವುದು ಕಷ್ಟವೆಂದು ನನಗೆ ಅಂದೇ ತಿಳಿದದ್ದು.

ನಸ್ರೀನ್ ಉತ್ತರಿಸಿದಳು. “ನಾನಿನ್ನೂ ನೋಡಿರ್ಲಿಲ್ಲ. ನಿಂಗೆ ಗೊತ್ತಿತ್ತು.”

ಆಮೇಲೆ ಗ್ರೂಪ್ ಬಿಟ್ಟು ಹೋದಳು.

ಉಳಿದವರು ಒಂದಿಷ್ಟು ಬೈದರು. ಮಧ್ಯಾಹ್ನದ ಹೊತ್ತಿಗೆ ಹಸಿರು ವೀರನ ಹೊಸ ಬೂಟಿನ ವಿಷಯಕ್ಕೆ ಹೊರಳಿದರು.

ಸಂಜೆ ನಾನು ಉಳಿದ ಭಾಗ ನೋಡಿದೆ. ನಾನು ನಿಲ್ಲಿಸಿದ ಮೇಲೆ ಇನ್ನೂ ನಾಲ್ಕು ನಿಮಿಷವಿತ್ತು.

ಇಡೀ ಸರಣಿಯಲ್ಲಿ ಬೆಳ್ಳಿಗೆ ಕಾಗದ ತಂದುಕೊಡುತ್ತಿದ್ದ ಒಬ್ಬ ಅಂಚೆ ಹುಡುಗಿಯಿದ್ದಳು. ಯಾರೂ ಅವಳ ಬಗ್ಗೆ ಚರ್ಚಿಸಿರಲಿಲ್ಲ. ಅವಳು ಬಂದಳು, ಗೋಡೆಯ ಕೋಟನ್ನು ತೆಗೆದಳು, ತೊಟ್ಟಳು.

ಭುಜ ಸರಿಯಾಗಿ ಕೂತಿತು.

ನಾನು ಫೋನ್ ಎತ್ತಿಕೊಂಡೆ. ಹೇಳಬೇಕಾದವಳೇ ಗ್ರೂಪಿನಲ್ಲಿರಲಿಲ್ಲ. ಅವಳ ನಂಬರ್ ಇತ್ತು, ನಿಜ. ‘ನೀನು ಹೇಳಿದ್ದೇ ಸರಿ’ ಎಂದು ಟೈಪ್ ಮಾಡಿದೆ, ಅಳಿಸಿದೆ. ಹಾಗೆ ಎಷ್ಟು ಸಲವೋ.

ಮುಂದಿನ ಭಾನುವಾರ ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಾ ಸುಮ್ಮನೆ ಕೇಳಿದಳು. “ಇವತ್ತ ಯಾರ ಜೋಡಿನೂ ಜಗಳಿಲ್ಲೇನು?”

ಯಾದಗಿರಿ ಬಿಟ್ಟು ಬಂದು ಆರು ವರ್ಷವಾಯಿತು. ಕ್ಲಾಸಿನಲ್ಲಿ ನನ್ನ ನೋಟ್ಸ್ ಕೇಳುವವರು ಬಹಳ. ನನ್ನೊಂದಿಗೆ ಜಗಳವಾಡುತ್ತಿದ್ದವಳು ಒಬ್ಬಳೇ ಎಂದು ಅವ್ವನಿಗೆ ಹೇಗೆ ಹೇಳಲಿ?

ನಿನ್ನೆ ಅವಳ ಅಪ್ಪನ ಅಂಗಡಿಗೆ ಹೋದೆ. ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ ಭುಜ ಸಡಿಲವಾದ ಒಂದು ಕುರ್ತಾ ಎತ್ತಿಕೊಂಡೆ. ಬಸ್ಸಿನಲ್ಲಿ ಕೂತು ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದೆ. ಕನ್ನಡದಲ್ಲಿ ಬರಲಿಲ್ಲವೆಂದು ಜಪಾನೀಯಲ್ಲಿಯೂ ಪ್ರಯತ್ನಿಸಿದೆ.

ಅಂಗಡಿ ಚಿಕ್ಕದು. ಅವಳ ಅಪ್ಪ ಮಷೀನಿನಿಂದ ತಲೆ ಎತ್ತಿ, “ಬಾಮ್ಮಾ, ಏನು ಹೊಲೀಬೇಕು?” ಎಂದರು.

ನಸ್ರೀನ್ ಟೇಪು ಕೊರಳಿಗೆ ಹಾಕಿಕೊಂಡು ಒಳಗಿನಿಂದ ಬಂದಳು. ನನ್ನನ್ನು ನೋಡಿದಳು. ಕುರ್ತಾ ನನ್ನ ಮೈಮೇಲೆ ಹಿಡಿದು, ಭುಜದಿಂದ ಭುಜಕ್ಕೆ ಟೇಪು ಎಳೆದಳು.

ಅವಳ ಹಿಂದೆ, ಕೊಂಡಿಗೆ ನೇತುಹಾಕಿದ ಬೆಳ್ಳಿ ಬಣ್ಣದ ಕೋಟು. ಒಂದು ತೋಳು ಮಾತ್ರ ಹೊಲಿದಿತ್ತು. ಮುಂದಿನ ತಿಂಗಳು ಗ್ರೂಪಿನ ನಾವೆಲ್ಲ ವೀರರ ವೇಷ ತೊಟ್ಟು ಕಮ್ಮನಹಳ್ಳಿಯಲ್ಲಿ ಸೇರುವ ದಿನಕ್ಕೆಂದು ಅವಳು ಹೊಲಿಯುತ್ತಿದ್ದದ್ದು. ಇನ್ನೊಂದು ತೋಳು ಮೇಜಿನ ಕೆಳಗೆ, ಚಿಂದಿಗಳ ಜೊತೆ ಮಡಚಿ ಬಿದ್ದಿತ್ತು.

“ಎರಡು ಬೆರಳು ಒಳಗೆ ಹಿಡೀಬೇಕು,” ಎಂದಳು. ನನಗಲ್ಲ, ಅಪ್ಪನಿಗೆ.

ಇದೇ ಸಮಯ ಎಂದುಕೊಂಡೆ. ಬಾಯಿ ತೆರೆದೆ.

“ಯಾವಾಗ ಕೊಡ್ತೀರಿ?” ಎಂದು ಕೇಳಿದೆ.

“ಬುಧವಾರ,” ಎಂದು ಚೀಟಿ ಹರಿದುಕೊಟ್ಟಳು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ... ಯಾರೂ ಕರೆಯಲಿಲ್ಲ.

ಇಷ್ಟು ವರ್ಷ ಪ್ರತಿ ಪ್ರಶ್ನೆಗೂ ಮೊದಲು ಕೈ ಎತ್ತಿದವಳು ನಾನು. ‘ನನ್ನದು ತಪ್ಪು’ ಎಂಬುದು ಯಾವ ಪರೀಕ್ಷೆಯಲ್ಲಿಯೂ ಉತ್ತರವಾಗಿ ಬಂದಿರಲಿಲ್ಲ.

ಚೀಟಿ ಪರ್ಸಿನಲ್ಲಿದೆ, ಬುಧವಾರ ನಾಳೆಯೇ. ಕುರ್ತಾ ಕೈಗೆ ತೆಗೆದುಕೊಳ್ಳುವ ಮೊದಲು, ಆ ಇನ್ನೊಂದು ತೋಳನ್ನೂ ಹೊಲಿ ಎಂದು ಅವಳಿಗೆ ನೀವಾದರೆ ಹೇಗೆ ಹೇಳುತ್ತಿದ್ದಿರಿ?