ಹೆಣ್ಣುಮಕ್ಕಳ ಕಾಲಿಗೂ ಚೆಂಡು

ಗೌಹರ್ ಮಧುಗಿರಿಯ ಶಿಶುವಿಹಾರಕ್ಕೆ ಟೀಚರಾಗಿ ಸೇರಿದ್ದು ೧೯೫೮ರಲ್ಲಿ. ಮೂರು ನಾಲ್ಕು ವರ್ಷದ ಮಕ್ಕಳನ್ನು ಚಾಪೆಯ ಮೇಲೆ ಕೈಕಟ್ಟಿಸಿ ಕೂರಿಸಿ ಬಾಯಿಪಾಠ ಹೇಳಿಕೊಡುವುದು ಅಲ್ಲಿನ ಪದ್ಧತಿ. ಕೆಲವು ದಿನ ಅವಳೂ ಹಾಗೇ ಮಾಡಿದಳು. ಮಕ್ಕಳು ತೂಕಡಿಸಿದವು, ಒಂದನ್ನೊಂದು ಚಿವುಟಿದವು, ಅಮ್ಮ ಬೇಕು ಎಂದು ಅತ್ತವು. ಕೊನೆಗೆ ಚಾಪೆ ಸುತ್ತಿ ಮೂಲೆಗಿಟ್ಟು ಎಲ್ಲರನ್ನೂ ಅಂಗಳಕ್ಕೆ ಕರೆತಂದಳು.

ಚಿಕ್ಕಂದಿನಲ್ಲಿ ಅವಳು ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದಿದ್ದಳು. ಮನೆಯೆದುರೇ ಫುಟ್‌ಬಾಲ್ ಮೈದಾನ. ಹುಡುಗರ ಆಟವನ್ನು ಕಿಟಕಿಯಿಂದ ನೋಡಿ ನೋಡಿ ಅವಳ ಕಾಲು ತುರಿಸುತ್ತಿತ್ತು. ಒಮ್ಮೆ ಬಾಗಿಲಿಗೆ ಉರುಳಿಬಂದ ಚೆಂಡನ್ನು ಒದ್ದು ವಾಪಸು ಕಳಿಸಿದ್ದಕ್ಕೆ ಮಾವ ಕೆನ್ನೆಗೆ ಬಾರಿಸಿದ್ದ. ಏಟಿನ ಉರಿ ಸಂಜೆಗೇ ಆರಿತು. ಒದ್ದಾಗಿನ ಖುಷಿ ಆರಲೇ ಇಲ್ಲ.

ಅವಳ ತಂದೆ ಅಹಮದ್ ಷರೀಫ್ ಜಟಕಾ ಕುದುರೆಗಳ ಜೀನು, ಲಗಾಮು ಹೊಲಿಯುವವರು. ಮಗಳು ಕೇಳಿದಾಗ ಚೂರುಪಾರು ಚರ್ಮ ಜೋಡಿಸಿ, ಹಳೇ ಬಟ್ಟೆ ತುರುಕಿ, ಪುಟ್ಟ ಪುಟ್ಟ ಚೆಂಡು ಹೊಲಿದರು.

"ಇಷ್ಟೊಂದು ಯಾಕೆ ಬೇಟಿ? ಒಂದು ಸಾಲದಾ?"

"ಮಗುಗೊಂದು ಬೇಕು ಅಬ್ಬಾ. ಈ ವಯಸ್ಸಿನವು ಹಂಚ್ಕೊಂಡು ಆಡಲ್ಲ, ಕಿತ್ಕೊಂಡು ಅಳ್ತಾವೆ."

ಅಂಗಳದಲ್ಲಿ ಬಸ್ಸಾಟ ಶುರುವಾಯಿತು. ಪ್ರತಿ ಮಗುವೂ ಒಂದು ಬಸ್ಸು. ಕಾಲಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿಕೊಂಡು ಹೋಗಬೇಕು. ಗೌಹರ್ ಕಂಡಕ್ಟರು. "ರೈಟ್!" ಎಂದರೆ ಹೊರಡಬೇಕು, "ಹೋಲ್ಡಾನ್!" ಎಂದರೆ ಚೆಂಡಿನ ಮೇಲೆ ಕಾಲಿಟ್ಟು ನಿಲ್ಲಬೇಕು. ಹುಣಸೆಮರವೇ ಪುರವರದ ಸ್ಟಾಪು, ಮೆಟ್ಟಿಲೇ ಗೊರವನಹಳ್ಳಿ ಸ್ಟಾಪು. ಇನ್ನೊಂದು ಆಟದಲ್ಲಿ ಚೆಂಡುಗಳೆಲ್ಲ ಕೋಳಿಮರಿ, ಟೀಚರೇ ಹದ್ದು. ಸೆರಗು ಬೀಸುತ್ತಾ ಅವಳು ಬಂದರೆ ಮಕ್ಕಳು ಕಿರುಚಿಕೊಂಡು ಮರಿಗಳನ್ನು ಗೂಡಿಗೆ ಒದೆಯುತ್ತಿದ್ದವು. ಮೊದಲು ಅಳುತ್ತಿದ್ದ ಮಕ್ಕಳೇ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಗೇಟು ಅಲ್ಲಾಡಿಸತೊಡಗಿದವು.

ಶಿಶುವಿಹಾರದ ಕಾರ್ಯದರ್ಶಿ ನಂದೀಶ್ವರಯ್ಯ, ಬಟ್ಟೆ ಅಂಗಡಿಯವರು, ಒಂದು ದಿನ ಇದನ್ನು ಕಣ್ಣಾರೆ ಕಂಡರು.

"ಏನಮ್ಮಾ ಇದು? ಹೆಣ್ಮಕ್ಳಿಗೂ ಒದೆಯೋದು ಕಲಿಸ್ತಿದೀಯಾ? ನಾಳೆ ಗಂಡನ್ನೂ ಒದೀತಾವೆ."

"ಒದೆಸ್ಕೊಳ್ಳೋ ಅಂಥ ಗಂಡ ಸಿಕ್ರೆ ಒದೀಲಿ ಬಿಡಿ ಸ್ವಾಮಿ."

ಅವರ ಮುಖ ಕೆಂಪಗಾಯಿತು. ಮಸೀದಿ ಬೀದಿಯ ಹಿರಿಯರೂ ಸುಮ್ಮನಿರಲಿಲ್ಲ. ಮಗಳನ್ನು ಹದ್ದುಬಸ್ತಿನಲ್ಲಿಡಿ ಎಂದು ಷರೀಫರ ಅಂಗಡಿಗೇ ಬಂದು ಹೇಳಿದರು. ಷರೀಫರು ಸೂಜಿಯಿಂದ ತಲೆಯೆತ್ತದೆ, "ಆಟ ಕಲಿಸ್ತಾಳೆ, ಕಳ್ಳತನ ಅಲ್ವಲ್ಲ" ಎಂದರು.

ಕಾರ್ಯದರ್ಶಿಗೆ ಬೇಕಾಗಿದ್ದ ನೆಪ ಸಿಕ್ಕಿತು. ಬಸ್ಸಾಟದಲ್ಲಿ ಬಸವಮ್ಮ ಎಂಬ ನಾಲ್ಕು ವರ್ಷದ ಹುಡುಗಿ ಮುಗ್ಗರಿಸಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದ ಅವಳ ತಾಯಿ ಚಿಕ್ಕಹನುಮಕ್ಕನನ್ನು ನಂದೀಶ್ವರಯ್ಯ ಕರೆಸಿ, ಕಮಿಟಿಯವರ ಮುಂದೆ ನಿಲ್ಲಿಸಿದರು.

"ಟೀಚರ್ ಮೇಲೆ ಏನು ದೂರಿದ್ರೂ ಹೇಳಮ್ಮ, ಹೆದರ್ಬೇಡ."

"ಹಾಲಲ್ಲು ಬುದ್ದಿ, ಇವತ್ತಲ್ದಿದ್ರೆ ನಾಳೀಕೆ ಬೀಳೋದೇ," ಎಂದಳು ಚಿಕ್ಕಹನುಮಕ್ಕ. "ನನ್ ಮಗಳು ಮದ್ಲು ನನ್ನ ಸೀರೆ ಸೆರಗು ಬುಡ್ತಿರ್ಲಿಲ್ಲ. ಈಗ ಎದ್ದೇಟ್ಗೆ ರೈಟ್ ರೈಟ್ ಅಂತ ಓಡ್ಬತ್ತಾಳೆ. ಅದೆಂಗೆ ದೂರು ಹೇಳ್ಲಿ?"

ಆದರೂ ನಂದೀಶ್ವರಯ್ಯ ಪಟ್ಟು ಬಿಡಲಿಲ್ಲ. ಗಂಡುಮಕ್ಕಳು ಬೇಕಾದರೆ ಆಡಲಿ, ಹೆಣ್ಣುಮಕ್ಕಳು ಒಳಗೆ ಕೂತು ಮಣಿ ಪೋಣಿಸಲಿ ಎಂದು ತೀರ್ಪು ಕೊಟ್ಟರು.

ಗೌಹರ್ ಎದ್ದು ನಿಂತಳು. "ಹೆಣ್ಮಕ್ಳನ್ನ ಒಳಗೆ ಕೂರಿಸೋ ಕೈ ನನ್ನದಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಚೆಂಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೆಗಲಿಗೇರಿಸಿಕೊಂಡು ಹೊರಬಂದಳು.

ಮನೆಗೆ ಹೋಗಿ ಅತ್ತದ್ದೂ ಉಂಟು. ಆದರೆ ಮರುದಿನ ಬೆಳಗ್ಗೆ ಅದೇ ಚೀಲ ಹೊತ್ತು ಕೋರ್ಟಿನ ಹಿಂದಿನ ಬಯಲಿಗೆ ಬಂದಳು. ಮೊದಲು ಬಂದದ್ದು ಬೊಚ್ಚುಬಾಯಿಯ ಬಸವಮ್ಮ ಒಬ್ಬಳೇ. ಅವಳೊಬ್ಬಳಿಗೇ ಬಸ್ಸಾಟ ಆಡಿಸಿದಳು. ಮಾರನೆಯ ದಿನ ಚಿಕ್ಕಹನುಮಕ್ಕ ತನ್ನ ಕೇರಿಯ ಮಕ್ಕಳನ್ನೆಲ್ಲ ದಬ್ಬಿಕೊಂಡು ಬಂದಳು. ಆಮೇಲೆ ಬಟ್ಟೆ ಅಂಗಡಿ ಬೀದಿಯವರೂ ಬಂದರು, ಮಸೀದಿ ಬೀದಿಯವರೂ ಬಂದರು. ಮೊಕದ್ದಮೆಗೆ ಬಂದ ಹಳ್ಳಿಯವರು ಬಯಲಂಚಿನಲ್ಲಿ ಕೂತು ಬೀಡಿ ಸೇದುತ್ತಾ, "ಒದಿಯವ್ವಾ, ಒದಿ!" ಎಂದು ಹುರಿದುಂಬಿಸುತ್ತಿದ್ದರು. ಶಿಶುವಿಹಾರದ ಚಾಪೆಗಳು ಖಾಲಿ ಬಿದ್ದವು.

ಕೊನೆಗೊಂದು ದಿನ ನಂದೀಶ್ವರಯ್ಯನವರೇ ಬಯಲಿಗೆ ಬಂದರು. ಕೊಡೆ ಮಡಚಿ, ಬೇರೆಲ್ಲೋ ನೋಡುತ್ತಾ ಹೇಳಿದರು: "ವಾಪಸು ಬಾರಮ್ಮ. ಎಲ್ರೂ ಆಡ್ಲಿ. ಅಂಗಳದ ಸುತ್ತ ಎತ್ತರಕ್ಕೆ ಒಂದು ಗೋಡೆ ಹಾಕಿಸ್ತೀನಿ. ಹಾದಿಹೋಕರ ಕಣ್ಣಿಗೆ ಬೀಳೋದು ಬೇಡ."

"ಗೋಡೆ ಹಾಕ್ಸಿದ್ರೆ ನಾನು ಬರಲ್ಲ. ಮಕ್ಕಳು ಆಡೋದು ಮುಚ್ಚಿಡೋ ಅಂಥದ್ದೇನಲ್ಲ ಸ್ವಾಮಿ."

ಅವರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. "ಆಯ್ತು, ಗೋಡೆ ಬೇಡ" ಎಂದು ಗೊಣಗಿ ಹೊರಟುಹೋದರು. ಗೌಹರ್ ಚೆಂಡಿನ ಚೀಲ ಹೊತ್ತು ಶಿಶುವಿಹಾರಕ್ಕೆ ಮರಳಿದಳು. ಆಮೇಲೆ ಅವರು ಅವಳೊಂದಿಗೆ ಮಾತು ಬಿಟ್ಟರು. ಹೇಳುವುದೇನಿದ್ದರೂ ಶಿಶುವಿಹಾರದ ಆಯಾಳ ಬಾಯಲ್ಲಿ ಹೇಳಿಕಳಿಸುತ್ತಿದ್ದರು. ಅದರಿಂದ ಅವಳಿಗೇನೂ ತೊಂದರೆಯಾಗಲಿಲ್ಲ.

ಅರವತ್ತರ ದಶಕವಿಡೀ ಗೌಹರ್ ಶಿಶುವಿಹಾರದ ಆ ತೆರೆದ ಅಂಗಳದಲ್ಲೇ ಇದ್ದಳು. ಚೆಂಡು ಮುಟ್ಟಲು ಹೆದರಿ ಮೂಲೆಯಲ್ಲಿ ನಿಂತ ಹೊಸ ಹುಡುಗಿಯರನ್ನು ಕಂಡರೆ ಅವಳು ಪುಸಲಾಯಿಸುತ್ತಿರಲಿಲ್ಲ. ಚೆಂಡನ್ನು ಅವರ ಕಾಲ ಬಳಿಗೆ ಉರುಳಿಸಿ, ಬೆನ್ನು ತಿರುಗಿಸಿ ನಿಂತು ಕಾಯುತ್ತಿದ್ದಳು.