ಬೇರು ಬಿಟ್ಟು ಬಂದ ಅಣಬಿ

ಪಂಚಮಿಗೆ ಮಗಳು ಕುಷ್ಟಗಿಯಿಂದ ತವರಿಗೆ ಬಂದಿದ್ಳು. ಬಸುರಿ. ಉಂಡಿ ಬ್ಯಾಡ, ಚಕ್ಕುಲಿ ಬ್ಯಾಡ, ಮಾಡಿದ್ದೆಲ್ಲಾ ಡಬ್ಬ್ಯಾಗ ಕುಂತಿತ್ತು. "ಅವ್ವಾ, ಹುತ್ತದ ಅಣಬಿ ಸಾರು ಮಾಡು," ಅಂತ ಒಂದೇ ಹಟ. ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನು?

ನಮ್ಮೂರು ಗಂಗಾವತಿ ಕಡೆ, ಗುಡ್ಡದ ಬುಡಕ ಐತಿ. ಶ್ರಾವಣದ ಮಳಿ ಬಿದ್ದು ಮ್ಯಾಲೊಂದು ಬಿಸಿಲು ಬಿದ್ರ ಸಾಕು, ಹುತ್ತದ ಸುತ್ತ ಬೆರಳುದ್ದದ ಅಣಬಿ ಏಳ್ತಾವ. ಬಣ್ಣ ಗೋದಿ ಹಿಟ್ಟಿನಂಗ, ನೆತ್ತಿ ಚೂಪು. ಆದ್ರ ಗುರುತು ಹಿಡಿಯೋದು ನೆತ್ತಿ ನೋಡಿ ಅಲ್ಲ, ಬೇರು ನೋಡಿ. ಛಲೋ ಅಣಬಿಗೆ ಇಲಿ ಬಾಲದಂಥ ಬೇರು, ಗೆದ್ದಲ ಗೂಡಿನ ತನಕ ಇಳಿದಿರ್ತೈತಿ. ಮಗ್ಗಲದ ಹುಲ್ಲಾಗ ಇನ್ನೊಂದು ಜಾತಿ ಬರ್ತೈತಿ, ಸಣ್ಣದಿದ್ದಾಗ ಹಂಗ ಕಾಣ್ತೈತಿ, ಅದಕ್ಕ ಬೇರಿಲ್ಲ. ಅದನ್ನ ತಿಂದು ನಮ್ಮ ಓಣ್ಯಾಗ ಒಬ್ಬಾಕಿ ಸಾಯೋದೊಂದು ಬಾಕಿ ಇತ್ತು. ಅದಕ್ಕ ನಮ್ಮ ಮನ್ಯಾಗ ಕುರ್ಪಿಲೆ ಅಗದು, ಬೇರು ಸಮೇತ ತಂದು ಅತ್ತಿ ಮುಂದ ಸುರುವೋದು ಪದ್ಧತಿ. ಅವರು ಒಂದೊಂದ ಎತ್ತಿ ನೋಡಿ ಹೂಂ ಅಂದಮ್ಯಾಲ ಒಲಿ ಹಚ್ಚೋದು.

ಪಂಚಮಿ ದಿನ ಮಾತ್ರ ಹುತ್ತಕ್ಕ ಕಬ್ಬಿಣ ಮುಟ್ಟಿಸೋ ಹಂಗಿಲ್ಲ. ಮುಂಜಾನೆ ನಾವ ಹಾಲೆರೆದು ಬಂದ ಹುತ್ತ ಅದು! ಬರಿಗೈಲೆ ಚಿವುಟಿ ಚಿವುಟಿ ಉಡ್ಯಾಗ ತುಂಬಿಕೊಂಡು ಬಂದೆ. ಬೇರೆಲ್ಲಾ ಮಣ್ಣಾಗ ಉಳಿದವು. ಅತ್ತಿ ಜೋಕಾಲಿ ಕಡೆ ಹೋಗಿದ್ರು. ಅವತ್ತು ಈಳಿಗಿ ಸೈತ ಮುಟ್ಟಂಗಿಲ್ಲ ಅಂತ ಅಣಬಿ ಕೈಲೆ ಹರದು ಹಾಕಿ ಸಾರು ಕುದಿಸಿದೆ.

ಮಗಳು ರೊಟ್ಟಿ ಮುರಕೊಂಡು ಎರಡನೇ ಸಲ ಸಾರು ಹಾಕಿಸ್ಕೊಂಡಾಗ ಅತ್ತಿ ಒಳಗ ಬಂದ್ರು. ವಾಸನಿ ಹಿಡಿದು ಗಡಿಗಿ ನೋಡಿದ್ರು, ಕಸದ ಬುಟ್ಟಿ ನೋಡಿದ್ರು.

"ಬೇರು ಎಲ್ಲ್ಯದಾವ ಬೇ?"

ನಾ ಹುತ್ತದ ಮೈಮ್ಯಾಲಿಂದಷ್ಟ ಚಿವುಟಿದ್ನೋ, ಹುಲ್ಲಿಗೂ ಕೈ ಹಾಕಿದ್ನೋ? ನೆನಪ ಆಗವಲ್ದು. ಅತ್ತಿ ಮಗಳ ತಾಟು ಕಸಗೊಂಡ್ರು. "ಆಟೋ ಕರೀರಿ, ದವಾಖಾನಿಗೆ ಹೋಗೂಣು," ಅಂತ ಒದರಿದ್ರು. ನಮ್ಮ ಮನಿಯವರು ಬರಿಗಾಲಲೆ ಓಡಿದ್ರು. ಹಬ್ಬದ ದಿನ ಆಟೋ ಲಗೂನ ಎಲ್ಲಿ ಸಿಗಬೇಕು! ಮಗಳು ಹೊಟ್ಟಿ ಹಿಡಕೊಂಡು, "ಅವ್ವಾ, ನನಗೇನೂ ಆಗಿಲ್ಲ," ಅಂತಿದ್ಳು. ಆ ಮಾತು ಕೇಳಿ ನನಗ ಮತ್ತಷ್ಟು ಹೆದರಿಕಿ ಹತ್ತಿತು. ಓಣ್ಯಾಗಿನಾಕಿಗೂ ಮೊದಲ ಏನೂ ಆಗಿದ್ದಿಲ್ಲ.

ಕುರ್ಪಿ ತಗೊಂಡು ಗುಡ್ಡದ ಕಡೆ ಓಡಿದೆ.

ಹುತ್ತದ ಮ್ಯಾಲ ಅರಿಷಿಣ, ಹೂವು, ಹಾಲಿನ ಹಸಿ ಹಂಗ ಇತ್ತು. ಕೈ ಮುಗಿಯಾಕೂ ನಿಲ್ಲಲಿಲ್ಲ. ಚಿವುಟಿದ ಗುರುತು ಕಂಡಲ್ಲೆಲ್ಲಾ ಕುರ್ಪಿ ಹಾಕಿದೆ. ಗೆದ್ದಲ ಕೈಗೆ ಮುತ್ತಿಕೊಂಡ್ವು. ಒಂದು ಬೇರು ಸಿಕ್ತು, ಉದ್ದಂದು. ಇನ್ನೊಂದು. ಮತ್ತೊಂದು. ಹುಲ್ಲನ್ನೂ ಕೆದರಿ ನೋಡಿದೆ. ಅಲ್ಲಿದ್ದ ಅಣಬಿ ಯಾವೂ ಹರಿದಿದ್ದಿಲ್ಲ, ನೆತ್ತಿ ಸಮೇತ ಹಂಗ ನಿಂತಿದ್ವು. ಆದ್ರೂ ಜೀವ ತಡೀವಲ್ದು, ಇನ್ನಷ್ಟು ಅಗದೆ.

ಮನಿ ಮುಂದ ಆಟೋ ಬಂದು ನಿಂತಿತ್ತು, ಮಗಳು ಒಳಗ ಕುಂತಿದ್ಳು. ಬೇರಿನ ಕಟ್ಟು ಅತ್ತಿ ಕೈಯಾಗ ಇಟ್ಟೆ. ಅವರು ಸೆರಗಿಲೆ ಮಣ್ಣು ಒರಸಿ, ಒಂದೊಂದ ಎಳದು ನೋಡಿದ್ರು.

"ಹುತ್ತದ್ದ ಐತಿ. ಅಂಜಬ್ಯಾಡ್ರಿ," ಅಂದ್ರು. ಆಮ್ಯಾಲೆ ನನ್ನ ಮೊಣಕೈ ತನಕ ಹತ್ತಿದ ಮಣ್ಣು ಕಂಡ್ರು.

"ಹುತ್ತ ಅಗದಿಯೇನು?"

"ಅಗದೀನ್ರಿ ಅತ್ತಿ."

ಪಂಚಮಿ ದಿನ ಅಂಗಳದಾಗ ಒಂದು ಗೂಟ ಬಡಿಯಾಕ ಬಿಡದ ಹೆಣ್ಮಗಳು ಅವರು. ಬೈಗುಳಕ್ಕ ತಯಾರಾಗಿ ತಲಿ ತಗ್ಗಿಸಿ ನಿಂತೆ. ಅವರು ಬೇರು ಸೆರಗಿನ್ಯಾಗ ಕಟಗೊಂಡು ಆಟೋ ಹತ್ತಿ, ಮೊಮ್ಮಗಳ ಹೊಟ್ಟಿ ಮ್ಯಾಲ ಕೈ ಇಟ್ಟು ಕುಂತ್ರು.

"ಡಾಕ್ಟರಿಗೂ ಒಮ್ಮೆ ತೋರಿಸೂಣು, ಹತ್ತು," ಅಂದ್ರು. "ಛಲೋ ಮಾಡಿದಿ. ನಾ ಆಗಿದ್ರ ಇಡೀ ಹುತ್ತನ ಕೆಡವಿಬಿಡ್ತಿದ್ದೆ."